ಎತ್ತಿನ ಹಲ್ಲು, ಬೈಕಿನ ಮೀಟರ್

ನಮ್ಮ ಕಡೆ ಹಳೆಯ ಸ್ಪೋರ್ಟ್ಸ್ ಬೈಕೊಂದು ಮಾರಾಟಕ್ಕೆ ಬಂದರೆ ನೋಡಲು ಬಂದವರ ಮೊದಲ ಪ್ರಶ್ನೆ ಒಂದೇ: ‘ಎಷ್ಟ ಓಡೇತಿ?’ ಜಮಖಂಡಿ ಇರಲಿ, ಮುಧೋಳ ಇರಲಿ, ಬೀಳಗಿ, ರಬಕವಿ–ಬನಹಟ್ಟಿ ಇರಲಿ, ಈ ಪ್ರಶ್ನೆ ಬದಲಾಗುವುದಿಲ್ಲ. ಉತ್ತರ ಇಪ್ಪತ್ತು ಸಾವಿರದ ಒಳಗಿದ್ದರೆ ಮುಖ ಅರಳುತ್ತದೆ. ಐವತ್ತು ಸಾವಿರ ದಾಟಿದ್ದರೆ ‘ನೋಡ್ತೀವ್ರಿ’ ಎಂದು ಹೊರಟೇಬಿಡುತ್ತಾರೆ. ಎಂಜಿನ್ ಸದ್ದು ಕೇಳಿಸಿಕೊಳ್ಳುವವರು ಕಡಿಮೆ, ಸರ್ವಿಸ್ ಬಿಲ್ ಕೇಳುವವರು ಇನ್ನೂ ಕಡಿಮೆ. ಮೀಟರಿನ ಐದು ಅಂಕಿಗಳೇ ಬೆಲೆ ಕಟ್ಟಿಬಿಡುತ್ತವೆ. ಹಳೆಯ ಗಾಡಿಯ ಬೆಲೆ ಕಟ್ಟಲು ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವ ದಂಧೆಗೆ ಅನ್ನ ಹಾಕುತ್ತಿರುವುದೂ ಇದೇ ಪ್ರಶ್ನೆ.

ನಾನು ಬನಹಟ್ಟಿಯವನು. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಮುಗಿಸಿದ್ದೇನೆ. ಬೆಳಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದು, ಮಧ್ಯಾಹ್ನದ ಮೇಲೆ ಗ್ಯಾರೇಜಿನಲ್ಲಿ ಕೆಲಸ. ಹೀಗಾಗಿ ಗೆಳೆಯರು, ಗೆಳೆಯರ ತಮ್ಮಂದಿರು ಹಳೆಯ ಗಾಡಿ ನೋಡಲು ಹೊರಟಾಗ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಸ್ಪೋರ್ಟ್ಸ್ ಕಾರಿನ ಕನಸು ಎಲ್ಲರಿಗೂ ಇದೆ. ನಮ್ಮ ಬಹುಪಾಲು ಹುಡುಗರಿಗೆ ಅದು ಎರಡು ಗಾಲಿಯ ಮೇಲೆಯೇ ನನಸಾಗಬೇಕು. ಯಮಹಾ ಆರ್15 ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2008ರಲ್ಲಿ, ಕೆಟಿಎಂ ಡ್ಯೂಕ್ 200 ಬಂದದ್ದು 2012ರಲ್ಲಿ. ಆ ಕಾಲದ ಗಾಡಿಗಳು, ಆಮೇಲೆ ಬಂದವುಗಳು, ಪಲ್ಸರ್ 220 ಎಲ್ಲವೂ ಈಗ ಎರಡನೇ, ಮೂರನೇ ಕೈಗೆ ಬಂದಿವೆ. ಹೊಸದರ ಬೆಲೆ ಕೈಗೆ ಎಟುಕದಾಗ ಕಾಲೇಜು ಹುಡುಗನಿಗೆ, ಕೆಲಸ ಹುಡುಕುವವನಿಗೆ ಇವೇ ಗತಿ. ಅದರಲ್ಲಿ ತಪ್ಪೇನೂ ಇಲ್ಲ. ಬೆಲೆ ಕಟ್ಟುವ ರೀತಿ ಮಾತ್ರ ಸರಿಯಾಗಬೇಕು.

ನಮ್ಮ ಅಜ್ಜಂದಿರಿಗೆ ಈ ವಿದ್ಯೆ ಗೊತ್ತಿತ್ತು. ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಎಂದು ವಯಸ್ಸು ತಿಳಿದುಕೊಳ್ಳುತ್ತಿದ್ದರು. ಆದರೆ ಅಲ್ಲಿಗೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಗೊರಸು ನೋಡುವುದು, ನೊಗ ಕೂರುವ ಹೆಗಲ ಮೇಲೆ ಕೈಯಾಡಿಸುವುದು, ನಡೆಸಿ ನೋಡುವುದು, ಭಾರದ ಬಂಡಿಗೆ ಹೂಡಿ ನೋಡುವುದು, ಯಾರ ಮನೆಯಲ್ಲಿ ದುಡಿದ ಎತ್ತು ಎಂದು ವಿಚಾರಿಸುವುದು, ಇಷ್ಟೆಲ್ಲ ಆದ ಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಒಳ್ಳೆಯ ಒಕ್ಕಲಿಗನ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಎರಡು ವರ್ಷ ದುಡಿದ ಎತ್ತಿಗೆ, ವಯಸ್ಸು ಕಡಿಮೆಯಿದ್ದೂ ಹೆಗಲು ಕೆಟ್ಟ ಎತ್ತಿಗಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಅದೇ ಮನೆಯ ಮೊಮ್ಮಗ ಈಗ ಹಲ್ಲು ಮಾತ್ರ ನೋಡಿ ಎತ್ತು ತರುತ್ತಿದ್ದಾನೆ.

ಮೊದಲು ಸರಳ ಲೆಕ್ಕ ಹಾಕೋಣ. ಒಬ್ಬ ಹುಡುಗ ದಿನಕ್ಕೆ 40 ಕಿಲೋಮೀಟರ್ ಓಡಿಸುತ್ತಾನೆ, ವರ್ಷಕ್ಕೆ 300 ದಿನ. ಒಟ್ಟು 12 ಸಾವಿರ ಕಿಲೋಮೀಟರ್. ಐದು ವರ್ಷಕ್ಕೆ 60 ಸಾವಿರ. ಅಂದರೆ ಈ ತಾಲ್ಲೂಕುಗಳಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಕೆಲಸಕ್ಕೋ ಕಾಲೇಜಿಗೋ ಹೋಗಿ ಬರುವವನ ಐದು ವರ್ಷದ ಗಾಡಿ 60 ಸಾವಿರ ಓಡಿದ್ದರೆ ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಅನುಮಾನ ಪಡಬೇಕಾದದ್ದು ಐದು ವರ್ಷಕ್ಕೆ 15 ಸಾವಿರ ತೋರಿಸುವ ಗಾಡಿಯ ಮೇಲೆ. ಅದು ನಿಜಕ್ಕೂ ಮನೆಯಲ್ಲೇ ನಿಂತಿತ್ತೇ? ನಿಂತಿದ್ದರೆ ಬ್ಯಾಟರಿ, ಟಯರ್, ಆಯಿಲ್ ಸೀಲ್‌ಗಳ ಗತಿ ಏನು? ನಿಂತಿರಲಿಲ್ಲ ಎಂದಾದರೆ ಮೀಟರ್ ಏನು ಹೇಳುತ್ತಿದೆ?

ಎಂಜಿನ್ ಸವೆಯುವುದಕ್ಕೆ ಕಿಲೋಮೀಟರ್ ಒಂದೇ ಕಾರಣವಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೊಂಯ್ ಎಂದು ಎಳೆಯುವುದು, ಆಯಿಲ್ ಬದಲಿಸದೆ ತಿಂಗಳುಗಟ್ಟಲೆ ಓಡಿಸುವುದು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ದೂಳು ಕುಡಿದ ಏರ್ ಫಿಲ್ಟರನ್ನು ಹಾಗೆಯೇ ಬಿಡುವುದು, ಮೂವರು ಕೂತು ತಗ್ಗುಗಳಲ್ಲಿ ಹಾರಿಸುವುದು, ಇವೆಲ್ಲ 15 ಸಾವಿರಕ್ಕೇ ಗಾಡಿಯನ್ನು ಮುದಿ ಮಾಡುತ್ತವೆ. ಒಂದೇ ವೇಗದಲ್ಲಿ ದೂರ ಓಡಿದ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಗಾಡಿ 60 ಸಾವಿರಕ್ಕೂ ಗಟ್ಟಿಯಾಗಿರುತ್ತದೆ. ಇದನ್ನು ಗ್ಯಾರೇಜಿನಲ್ಲಿ ಕ್ಲಚ್ ಕವರ್ ಬಿಚ್ಚಿದಾಗಲೆಲ್ಲ ಕಣ್ಣಾರೆ ನೋಡುತ್ತೇನೆ.

ಈ ಮಾತನ್ನು ಕೊಳ್ಳುವವರ ಕಡೆಯಿಂದ ಎಲ್ಲರೂ ಹೇಳುತ್ತಾರೆ. ಮಾರುವವನ ಕಡೆಯಿಂದಲೂ ಒಮ್ಮೆ ನೋಡಬೇಕು. ರಬಕವಿಯ ನನ್ನ ಗೆಳೆಯನೊಬ್ಬ ಸಾಲ ವಸೂಲಿಯ ಕೆಲಸದಲ್ಲಿದ್ದ. ಹಳ್ಳಿ ಹಳ್ಳಿ ತಿರುಗಿ ಅವನ ಆರ್15 ಐದು ವರ್ಷದಲ್ಲಿ 62 ಸಾವಿರ ಕಿಲೋಮೀಟರ್ ಓಡಿತ್ತು. ಪ್ರತಿ ಆಯಿಲ್ ಬದಲಾವಣೆಯ ಚೀಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಟ್ಟಿದ್ದ. ಅಪ್ಪನ ಪವರ್‌ಲೂಮ್‌ಗೆ ಕೆಲಸ ಸಿಗದೆ ತಂಗಿಯ ನರ್ಸಿಂಗ್ ಶುಲ್ಕಕ್ಕೆ ಹಣ ಬೇಕಾದಾಗ ಗಾಡಿ ಮಾರಲು ನಿಂತ. ಬಂದವರೆಲ್ಲ ಮೀಟರ್ ನೋಡಿ ನಕ್ಕರು. ಕೆಲವರು ಅರ್ಧ ಬೆಲೆಗೆ ಕೇಳಿದರು. ಆಗ ಒಬ್ಬ ಏಜೆಂಟ್ ಬಂದು ಮೆಲ್ಲಗೆ ಹೇಳಿದ: ‘ಮೀಟರ್ ಹದಿನೆಂಟಕ್ಕ ತಂದು ಕೊಡ್ತೀನಿ ತಮ್ಮಾ, ಮ್ಯಾಲ ಮೂವತ್ತು ಸಾವಿರ ಜಾಸ್ತಿ ಬರ್ತೈತಿ.’

ಗೆಳೆಯ ಒಪ್ಪಲಿಲ್ಲ. ‘ತಗೊಂಡಾವ ನಾಳೆ ಸಂತ್ಯಾಗ ಎದುರಾದ್ರ ಮಾರಿ ಹೆಂಗ ತೋರಸ್ಲಿ?’ ಎಂದ. ಗಾಡಿ ಎರಡು ತಿಂಗಳು ನಿಂತಿತು. ಶುಲ್ಕದ ಕಂತನ್ನು ಬಡ್ಡಿಗೆ ತಂದು ಕಟ್ಟಿದ. ಕೊನೆಗೆ ಮುಧೋಳದ ಒಬ್ಬರು ಬಂದು ಚೀಲದ ಚೀಟಿಗಳನ್ನೆಲ್ಲ ಕೂತು ಓದಿ, ಗಾಡಿ ಓಡಿಸಿ ನೋಡಿ, ಉಳಿದವರಿಗಿಂತ ಒಳ್ಳೆಯ ಬೆಲೆಗೆ ಒಯ್ದರು. ಅದರಲ್ಲಿ ಸ್ವಲ್ಪ ಪಾಲು ಬಡ್ಡಿಗೇ ಹೋಯಿತು. ನಿಜ ಹೇಳಿದ್ದಕ್ಕೆ ತೆತ್ತ ದಂಡ ಎಂದೇ ನಾನು ಅದನ್ನು ಕರೆಯುತ್ತೇನೆ. ಆ ದಂಡ ಹಾಕಿದ್ದು ಏಜೆಂಟ್ ಅಲ್ಲ, ಮೀಟರ್ ನೋಡಿ ನಕ್ಕು ಹೋದ ನಮ್ಮಂಥ ಹುಡುಗರು.

ಅರ್ಥಶಾಸ್ತ್ರ ಓದುವವರಿಗೆ ಈ ಕಥೆ ಹೊಸದಲ್ಲ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮೊದಲು ಅದನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಅವರ ವಾದ ಸರಳ. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಮೋಸದ ಭಯದಿಂದ ಎಲ್ಲಕ್ಕೂ ನಡುಮಟ್ಟದ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರದೆ ಹಿಂದೆ ಸರಿಯುತ್ತಾನೆ. ಕೆಟ್ಟ ಗಾಡಿಯವನು ಸಂತೋಷದಿಂದ ಉಳಿಯುತ್ತಾನೆ. ಹೀಗೆ ಸಂತೆಯಲ್ಲಿ ಕೆಟ್ಟದ್ದೇ ತುಂಬುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ತಿರುವು ಸೇರಿದೆ: ನಿಜವಾದ 62 ಸಾವಿರಕ್ಕೆ ಬೆಲೆ ಇಲ್ಲ, ಸುಳ್ಳು 18 ಸಾವಿರಕ್ಕೆ ಬೆಲೆ ಇದೆ.

ಹಾಗಾದರೆ ನ್ಯಾಯವಾದ ಬೆಲೆ ತಿಳಿಯುವುದು ಹೇಗೆ? ನಾನು ಅನುಸರಿಸುವ ಕ್ರಮ ಹೇಳುತ್ತೇನೆ. ಮೊದಲು ಬುನಾದಿ ಬೆಲೆ. ಅದೇ ಮಾದರಿಯ, ಅದೇ ವರ್ಷದ ಮೂರ್ನಾಲ್ಕು ಗಾಡಿಗಳು ನಮ್ಮ ಊರುಗಳಲ್ಲಿ ಎಷ್ಟಕ್ಕೆ ಹೋದವು ಎಂದು ಕೊಂಡವರನ್ನೇ ಕೇಳಬೇಕು. ಮಾರುವವರು ಹೇಳುವ ಬೆಲೆ ಬೇರೆ, ಕೈ ಬದಲಾದ ಬೆಲೆ ಬೇರೆ. ಇನ್ನೊಂದು ಆಧಾರ ವಿಮಾ ಪಾಲಿಸಿಯಲ್ಲಿರುವ ಐಡಿವಿ, ಅಂದರೆ ವಿಮಾ ಕಂಪನಿ ಒಪ್ಪಿಕೊಂಡಿರುವ ಗಾಡಿಯ ಮೌಲ್ಯ. ತಯಾರಕರ ಬೆಲೆಯಲ್ಲಿ ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50 ಕಳೆಯುವ ಕ್ರಮ ಅದರಲ್ಲಿದೆ. ಐದು ವರ್ಷ ದಾಟಿದರೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ನಿಗದಿ ಮಾಡುತ್ತಾರೆ. ಗಮನಿಸಿ, ಈ ಲೆಕ್ಕದಲ್ಲಿ ಕಿಲೋಮೀಟರಿನ ಮಾತೇ ಇಲ್ಲ. ಐಡಿವಿ ಮಾರುಕಟ್ಟೆ ಬೆಲೆಯಲ್ಲ, ಆದರೆ ಕೇಳುವ ಬೆಲೆ ಅದಕ್ಕಿಂತ ತೀರ ಮೇಲಿದ್ದರೆ ಕಾರಣ ಕೇಳುವ ಹಕ್ಕು ನಮಗೆ ಬರುತ್ತದೆ.

ಎರಡನೆಯದು, ಗಾಡಿಯನ್ನೇ ಓದುವುದು. ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗಲೇ ಹೋಗಬೇಕು. ಸೈಲೆನ್ಸರ್ ಹತ್ತಿರ ಕೈ ಹಿಡಿದು ನೋಡಿ. ಮೊದಲೇ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಓಡಿಸಿ ನಿಲ್ಲಿಸಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಫುಟ್‌ರೆಸ್ಟಿನ ರಬ್ಬರ್, ಬ್ರೇಕ್ ಪೆಡಲ್, ಹ್ಯಾಂಡಲ್ ಗ್ರಿಪ್, ಗೇರ್ ಲಿವರ್ ಇವು ಗಾಡಿಯ ಹಲ್ಲುಗಳು. ಮೀಟರ್ 18 ಸಾವಿರ ಎನ್ನುತ್ತಿದ್ದು ಪೆಡಲ್ ಕನ್ನಡಿಯಂತೆ ಸವೆದಿದ್ದರೆ ಪೆಡಲನ್ನು ನಂಬಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಫೋರ್ಕಿನಲ್ಲಿ ಆಯಿಲ್ ಸೋರಿಕೆ, ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿರುವುದು, ಹ್ಯಾಂಡಲ್ ನಡುವೆ ಕಚ್ಚಿಕೊಳ್ಳುವ ಕೋನ್‌ಸೆಟ್, ಡಿಸ್ಕಿನ ಅಂಚಿನಲ್ಲಿ ಎದ್ದ ಗೆರೆ, ಎಲ್ಲ ಬರೆದುಕೊಳ್ಳಿ. ಬಿದ್ದ ಗಾಡಿಯ ಗುರುತು ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ತುದಿ, ಸೈಲೆನ್ಸರಿನ ಅಂಚಿನಲ್ಲಿ ಸಿಗುತ್ತದೆ. ಕೈ ಸಡಿಲ ಬಿಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತಿದೆ, ಹಿಂದಿನ ಗಾಲಿ ಮುಂದಿನದರ ಸಾಲಿನಲ್ಲಿಲ್ಲ ಎಂದಾದರೆ ಚಾಸಿಸ್ ಬಾಗಿರಬಹುದು. ಅಂಥ ಗಾಡಿಗೆ ನ್ಯಾಯವಾದ ಬೆಲೆಯೇ ಇಲ್ಲ, ಬಿಟ್ಟು ಬನ್ನಿ.

ಮೂರನೆಯದು, ಕಳೆಯುವ ಲೆಕ್ಕ. ಉದಾಹರಣೆಗೆಂದು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಳ್ಳೆಯ ಸ್ಥಿತಿಯ ಗಾಡಿಗೆ ಊರಿನಲ್ಲಿ 90 ಸಾವಿರ ನಡೆಯುತ್ತಿದೆ. ಕಡಿಮೆ ಓಡಿದೆ ಎನ್ನುವ ಗಾಡಿಗೆ ಎರಡು ಟಯರ್ 7,500, ಚೈನ್ ಸೆಟ್ 3,500, ಫೋರ್ಕ್ ಸೀಲ್ 1,500, ಕೋನ್‌ಸೆಟ್ 1,000, ಬ್ಯಾಟರಿ 1,500, ಬ್ರೇಕ್ ಪ್ಯಾಡ್ 1,000 ಬೇಕು. ಒಟ್ಟು 16 ಸಾವಿರ. ವಿಮೆ, ಹೆಸರು ವರ್ಗಾವಣೆಗೆ 4 ಸಾವಿರ. ನ್ಯಾಯವಾದ ಬೆಲೆ 70 ಸಾವಿರ. 60 ಸಾವಿರ ಓಡಿದ ಇನ್ನೊಂದು ಗಾಡಿಗೆ ಟಯರ್, ಚೈನ್ ಎಲ್ಲ ಹೊಸದು, ಬಿಲ್ಲುಗಳಿವೆ. ಅದೇ 4 ಸಾವಿರ ಖರ್ಚು, ಹೆಚ್ಚು ಓಡಿದ್ದಕ್ಕೆಂದು 10 ಸಾವಿರ ಕಳೆಯಿರಿ. ಆದರೂ 76 ಸಾವಿರ ಬರುತ್ತದೆ. ಹೆಚ್ಚು ಓಡಿದ ಗಾಡಿಗೇ ಹೆಚ್ಚು ಬೆಲೆ! ನಿಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಿ ನಿಜವಾದ ದರ ಕೇಳಿ ಇದೇ ಲೆಕ್ಕ ಮಾಡಿ ನೋಡಿ. ಚೌಕಾಸಿಗೂ ಇದು ಒಳ್ಳೆಯದು. ‘ಕಡಿಮಿ ಮಾಡ್ರಿ ಅಣ್ಣಾ’ ಎಂದು ಹತ್ತು ಸಲ ಅಂಗಲಾಚುವ ಬದಲು ಚೀಟಿ ಮುಂದಿಟ್ಟರೆ ಸಾಕು, ಮಾತು ಅರ್ಧ ಮುಗಿದಂತೆ.

ನಾಲ್ಕನೆಯದು ಕಾಗದ. ಇದಕ್ಕೂ ಬೆಲೆ ಇದೆ. ಹಳೆಯ ಸಮಗ್ರ ವಿಮಾ ಪಾಲಿಸಿಯಲ್ಲಿ ‘ನೋ ಕ್ಲೇಮ್ ಬೋನಸ್’ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಅದು ಶೇ 20ರಿಂದ ಶೇ 50ರವರೆಗೆ ಏರುತ್ತದೆ. ನಾಲ್ಕು ವರ್ಷದ ಗಾಡಿಗೆ ಅದು ಸೊನ್ನೆ ಇದ್ದರೆ ಅಪಘಾತದ ಕ್ಲೇಮ್ ಆಗಿತ್ತೇ ಅಥವಾ ಪಾಲಿಸಿ ನಿಂತುಹೋಗಿತ್ತೇ ಎಂದು ಕೇಳಿ. 2018ರ ಸೆಪ್ಟೆಂಬರ್ ನಂತರ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ‘ಇನ್ಶೂರೆನ್ಸ್ ಐತಿ’ ಎಂದರೆ ಅನೇಕ ಸಲ ಅದಷ್ಟೇ ಇರುತ್ತದೆ. ಗಾಡಿ ಕಳುವಾದರೆ ಅದರಿಂದ ಒಂದು ರೂಪಾಯಿಯೂ ಬರದು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿಯ ವಿವರ ಸಿಗುತ್ತದೆ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಹಣ ಕೊಡಬೇಡಿ.

ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳುವ ಕೆಟ್ಟ ರೂಢಿ ನಮ್ಮಲ್ಲಿದೆ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಹಲವರ ಕೈ ಬದಲಾದರೂ ಹೆಸರು ಬದಲಾಗದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ ಹುಡುಗನ ತಲೆಯ ಮೇಲೆ ತೂಗುವ ಕತ್ತಿ ಇದು. ಗಡಿಯ ಆಚೆಯಿಂದ ತರುವವರಿಗೆ ಇನ್ನೊಂದು ಮಾತು. ಸಾಂಗಲಿಯ ಎಂಎಚ್-10 ಗಾಡಿ ಅಗ್ಗ ಎನಿಸಬಹುದು. ಆದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಜಮಖಂಡಿಯ ಕೆಎ-48 ನಂಬರ್ ಬರುವವರೆಗಿನ ಓಡಾಟ, ಎಲ್ಲ ಸೇರಿಸಿ ನೋಡಿದರೆ ಅಗ್ಗ ಉಳಿಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಕಾರಿನ ಕನಸು ಕಾಣುವವರಿಗೂ ಲೆಕ್ಕ ಇದೇ, ಅಪಾಯ ಮಾತ್ರ ದೊಡ್ಡದು. ಪುಣೆ, ಬೆಂಗಳೂರಿನಿಂದ ಬರುವ ಹತ್ತು ವರ್ಷದ ಜರ್ಮನ್ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತದೆ. ಕಾರಿನ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಗೇರ್‌ಬಾಕ್ಸ್ ಕೆಟ್ಟರೆ ಜಮಖಂಡಿಯಲ್ಲಿ ಬಿಚ್ಚುವವರಿಲ್ಲದೆ ಟ್ರಕ್ ಮೇಲೆ ಹೇರಿ ದೂರದ ಊರಿಗೆ ಕಳಿಸಬೇಕು. ಕೊಳ್ಳುವ ತಾಕತ್ತು ಇದ್ದರೆ ಸಾಲದು, ಸಾಕುವ ತಾಕತ್ತೂ ಇರಬೇಕು. ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಬೆಲೆಯ ಒಂದು ಭಾಗ.

‘ಹಾಗಾದ್ರ ಕಿಲೋಮೀಟರಿಗೆ ಕಿಮ್ಮತ್ತ ಇಲ್ಲೇನು?’ ಎಂದು ನೀವು ಕೇಳಬಹುದು. ಖಂಡಿತ ಇದೆ. 60 ಸಾವಿರ ದಾಟಿದ ಗಾಡಿಯಲ್ಲಿ ಕ್ಲಚ್ ಪ್ಲೇಟ್, ಟೈಮಿಂಗ್ ಚೈನ್, ಬೇರಿಂಗುಗಳು ಬದಲಾಗಿವೆಯೇ ಎಂದು ವಿಚಾರಿಸಲೇಬೇಕು. ಬದಲಾಗಿಲ್ಲ ಎಂದರೆ ಆ ಖರ್ಚನ್ನು ಕಳೆಯಲೇಬೇಕು. ದ್ವಿಚಕ್ರ ವಾಹನದ ನೋಂದಣಿಗೆ 15 ವರ್ಷದ ಗಡುವು ಇರುವುದನ್ನೂ ಮರೆಯಬಾರದು. ನನ್ನ ತಕರಾರು ಇಷ್ಟೇ: ಕಿಲೋಮೀಟರ್ ಎಂಬುದು ವಿಚಾರಣೆ ಶುರು ಮಾಡುವ ಜಾಗ. ನಾವು ಅದನ್ನೇ ತೀರ್ಪು ಮಾಡಿಕೊಂಡಿದ್ದೇವೆ.

ಈ ಬೆಲೆಯ ಹಿಂದೆ ಯಾರ ದುಡಿಮೆ ಇದೆ ಎಂಬುದನ್ನೂ ನೆನೆಯಬೇಕು. ನಮ್ಮ ಊರುಗಳಲ್ಲಿ ಹುಡುಗನ ಬೈಕಿಗೆ ಬರುವ ಹಣ ಅಪ್ಪನ ಕಬ್ಬಿನ ಬಿಲ್ಲು, ಮಗ್ಗದ ಕೂಲಿ, ಬೀಳಗಿಯ ಕಡೆ ಹಿನ್ನೀರಿಗೆ ಹೋದ ಹೊಲದ ಪರಿಹಾರ. ಅದು ಪದೇ ಪದೇ ಬರುವ ಹಣವಲ್ಲ. ಸವೆದ ಟಯರಿನ ಲೆಕ್ಕವನ್ನು ಕಾಗದದ ಮೇಲೆ ಕಳೆಯದಿದ್ದರೆ, ರಾತ್ರಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಎದುರಾದಾಗ ಮೈಮೇಲೆ ಕಳೆಯಬೇಕಾಗುತ್ತದೆ. 220 ಸಿಸಿ ಗಾಡಿಯ ವೇಗಕ್ಕೆ ಹಣ ಕೊಡುವವನು ಅದನ್ನು ನಿಲ್ಲಿಸುವ ಬ್ರೇಕಿಗೂ ಹಣ ತೆಗೆದಿಡಬೇಕು.

ಮಾರುವ ಗೆಳೆಯರೇ, ಇದ್ದ ಕಿಲೋಮೀಟರ್ ಇದ್ದಂತೆ ಹೇಳಿ, ಚೀಟಿಗಳನ್ನು ಎಸೆಯಬೇಡಿ. ಕೊಳ್ಳುವ ಗೆಳೆಯರೇ, ಅಂಥ ಚೀಟಿ ಜೋಡಿಸಿಟ್ಟವನಿಗೆ ಎರಡು ಸಾವಿರ ಹೆಚ್ಚೇ ಕೊಡಿ. ಆ ಎರಡು ಸಾವಿರ ನಮ್ಮ ನಾಲ್ಕು ಊರುಗಳಲ್ಲಿ ನಿಜ ಹೇಳುವವನು ವ್ಯಾಪಾರದಲ್ಲಿ ಉಳಿಯಲು ಕೊಟ್ಟ ಹಣ. ಇನ್ನು ಮುಂದೆ ಹಳೆಯ ಗಾಡಿಯ ಮುಂದೆ ನಿಂತಾಗ ‘ಎಷ್ಟ ಓಡೇತಿ?’ ಎನ್ನುವ ಮೊದಲು ‘ಬಿಲ್ ಅದಾವೇನ್ರಿ?’ ಎಂದು ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಮಾರುವವನ ಮುಖವೇ ಅರ್ಧ ಬೆಲೆ ಹೇಳುತ್ತದೆ.